ಗೂಟನ ಬಾಣ

ಜುಲೈ 17

ಮಾನ್ಯ ಪೋಷಕರಿಗೆ, ನಮಸ್ಕಾರ.

ಹನ್ನೆರಡನೇ ತರಗತಿಯಲ್ಲಿ ಓದುತ್ತಿರುವ ತಮ್ಮ ಮಗಳು ಕಳೆದ ಒಂಬತ್ತು ದಿನಗಳಿಂದ ನನ್ನ ಭೌತಶಾಸ್ತ್ರದ ತರಗತಿಗೆ ಬಂದಿಲ್ಲ. ಉಳಿದ ಪಾಠಗಳಿಗೆಲ್ಲ ಬರುತ್ತಾಳೆ. ನನ್ನ ಪೀರಿಯಡ್ ಬಂತೆಂದರೆ ಚೀಲ ಹೆಗಲಿಗೇರಿಸಿ ಗ್ರಂಥಾಲಯದ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾಳೆ. ಡಿಸೆಂಬರ್ ಕೊನೆಗೆ ಹಾಜರಿ ಪಟ್ಟಿ ಕಳಿಸಬೇಕು. ಹಾಜರಿ ಕಮ್ಮಿ ಬಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಬುದ್ಧಿವಂತ ಹುಡುಗಿ, ಒಂದು ವರ್ಷ ಹಾಳಾಗಬಾರದೆಂದು ಈ ಪತ್ರ.

ನಡೆದದ್ದು ಇಷ್ಟೇ. ಒಂದು ಲೆಕ್ಕ ಮಾಡಲು ಬೋರ್ಡಿಗೆ ಕರೆದಿದ್ದೆ. ಮೇಜಿನ ಮೇಲೆ ಒಂದು ಬ್ಲಾಕು, ಅದಕ್ಕೆ ಕಟ್ಟಿದ ಹಗ್ಗ ಮೇಜಿನಂಚಿನ ರಾಟೆಯ ಮೇಲೆ ಹಾದು ಕೆಳಗಿಳಿದು, ತುದಿಯಲ್ಲಿ ಇನ್ನೊಂದು ಬ್ಲಾಕು ನೇತಾಡುತ್ತದೆ. ಮೇಜಿನ ಮೇಲಿನ ಬ್ಲಾಕು ಬಲಕ್ಕೆ ಜಾರಿದರೆ ಘರ್ಷಣೆ ಅದನ್ನು ಎಡಕ್ಕೆ ತಡೆಯುತ್ತದೆ, ಆದ್ದರಿಂದ ಘರ್ಷಣೆಯ ಬಾಣವನ್ನು ಎಡಕ್ಕೆ ಹಾಕಬೇಕು. ಪುಸ್ತಕದಲ್ಲಿರುವುದೂ ಹಾಗೆಯೇ. ಈಕೆ ಬಲಕ್ಕೆ ಹಾಕಿದಳು. ನಾನು ತಿದ್ದಿದೆ, ಒಂದು ಸಣ್ಣ ತಮಾಷೆ ಮಾಡಿದೆ. ತರಗತಿ ಸ್ವಲ್ಪ ನಕ್ಕಿತು. ಈ ವಯಸ್ಸಿನ ಮಕ್ಕಳು ಸಣ್ಣದನ್ನೂ ದೊಡ್ಡದು ಮಾಡಿಕೊಳ್ಳುತ್ತಾರೆ. ದಯವಿಟ್ಟು ಬುದ್ಧಿ ಹೇಳಿ ಕಳಿಸಿಕೊಡಿ.

ಇತಿ,
ಭೌತಶಾಸ್ತ್ರದ ಉಪನ್ಯಾಸಕ


ಜುಲೈ 23

ಮೇಷ್ಟ್ರೇ,

ಕಾಗದ ಬಂತು. ತಾರೀಕಿನ 7ರ ಹೊಟ್ಟೆಗೆ ಗೀಟು ಎಳೆಯೋ ಅಭ್ಯಾಸ ನೀವಿನ್ನೂ ಬಿಟ್ಟಿಲ್ಲ. ನೋಡಿದ ಕೂಡಲೇ ಯಾರ ಕೈಬರಹ ಅಂತ ಗೊತ್ತಾಯ್ತು.

ತಮಾಷೆ ಏನು ಅಂತ ನೀವು ಬರೆದಿಲ್ಲ. ಮಗಳು ಹೇಳಿದಳು. "ಯಾರಮ್ಮ ನಿನಗೆ ಹೀಗೆ ಹೇಳಿಕೊಟ್ಟಿದ್ದು?" ಅಂದಿರಿ. "ನಮ್ಮಪ್ಪ" ಅಂದಳು. "ಏನು ಮಾಡ್ತಾರೆ ನಿಮ್ಮಪ್ಪ?" ಅಂದಿರಿ. "ಫ್ಯಾಕ್ಟರಿಗಳಲ್ಲಿ ಯಂತ್ರ ಎಳೀತಾರೆ" ಅಂದಳು. "ಸರಿ ಹಾಗಾದ್ರೆ, ಎಳೆಯೋದು ಅವರೇ ಎಳೀಲಿ, ಲೆಕ್ಕ ಮಾತ್ರ ನಮಗೆ ಬಿಟ್ಟುಬಿಡಲಿ" ಅಂದಿರಿ. ಅವಳಿಗೆ ಮುಂದಿನ ಸಾಲು ಬರೆಯೋಕೂ ಬಿಡದೆ ಬೋರ್ಡನ್ನ ಅಂಗೈಯಲ್ಲಿ ಅಳಿಸಿದಿರಂತೆ. ಡಸ್ಟರ್ ಪಕ್ಕದಲ್ಲೇ ಇತ್ತಂತೆ.

ಆ ಮುಂದಿನ ಸಾಲಲ್ಲಿ ಏನಿರುತ್ತೆ ಅಂತ ಈ ಪ್ರಪಂಚದಲ್ಲಿ ಗೊತ್ತಿದ್ದವರು ಇಬ್ಬರು. ಈಗ ಮಗಳೂ ಸೇರಿ ಮೂವರು.

ಅವಳು ಅತ್ತಿಲ್ಲ. ಮನೆಗೆ ಬಂದು ನನ್ನನ್ನು ಒಂದೇ ಮಾತು ಕೇಳಿದಳು, "ಅಪ್ಪಾ, ಇದು ತಪ್ಪಾ?" ಅಂತ. ನನ್ನ ತೊದಲು ನಿಮಗೆ ಗೊತ್ತಲ್ಲ. ನಾನು ಎದ್ದು ಹೋಗಿ ಕೈ ತೊಳಕೊಂಡೆ.

ಹುಡುಗಿಯ ತಂದೆ


ಜುಲೈ 30

ಗೂಟ,

ಮೇಷ್ಟ್ರೇ ಅಂತ ಬರೆದಿದೀಯಲ್ಲ, ಅದರ ಬದಲು ನಾಲ್ಕು ಕೆಟ್ಟ ಬೈಗುಳ ಬರೆದಿದ್ರೆ ಇಷ್ಟು ನೋಯ್ತಿರಲಿಲ್ಲ ಕಣೋ. ಹೌದಪ್ಪಾ, ನಾನೇ. ಸ್ಕೂಲಲ್ಲಿ ಸುಮ್ಮನೆ ನಿಲ್ಲೋ ನಿನಗೆ ಗೂಟ, ವಟಗುಟ್ಟೋ ನನಗೆ ಗಿಣಿ ಅಂತ ಹೆಸರಿಟ್ಟಿದ್ರಲ್ಲ, ಅದೇ ಗಿಣಿ. ಈ ಊರಿಗೆ ವರ್ಗವಾಗಿ ಬಂದು ಎರಡು ತಿಂಗಳೂ ಆಗಿಲ್ಲ. ನೀನು ಇಲ್ಲಿದೀಯ ಅಂತ ಆಣೆ ಮಾಡಿ ಹೇಳ್ತೀನಿ, ಗೊತ್ತಿರಲಿಲ್ಲ.

ಹುಡುಗಿ ಯಾರ ಮಗಳು ಅಂತ ಗೊತ್ತಾಗದೆ ಅಳಿಸಿದೆ ಅಂತ ಬರೆಯೋಣ ಅಂತ ಕೂತೆ. ಮೂರು ಹಾಳೆ ಹರಿದೆ. ಗೊತ್ತಾಗಿಯೇ ಅಳಿಸಿದ್ದು. ಅವಳ ಚಾಕ್‌ಪೀಸು ಬಲಕ್ಕೆ ತಿರುಗಿತು ನೋಡು, ಆಗಲೇ ನಿನ್ನ ಗುರುತು ಸಿಕ್ತು. ಮೇಷ್ಟ್ರಾದ ಮೇಲೆ ಎಷ್ಟು ಸಾವಿರ ಮಕ್ಕಳ ನೋಟ್‌ಬುಕ್ ತಿದ್ದಿದೀನೋ ಏನೋ, ಆ ಬಾಣನ ಆ ಕಡೆಗೆ ಹಾಕಿದವರು ಒಬ್ಬರೂ ಇಲ್ಲ. ಹಾಕಿದರೂ ತಪ್ಪಾಗಿ ಹಾಕ್ತಾರೆ, ಅಳುಕ್ತಾ ಹಾಕ್ತಾರೆ. ಇವಳು ಸ್ಕೇಲ್ ಇಟ್ಟ ಹಾಗೆ ನೆಟ್ಟಗೆ ಎಳೆದು, ತಿರುಗಿ ನನ್ನ ಮುಖ ನೋಡಿದಳು. ಥೇಟ್ ನೀನು. ಬಾಯಿಂದ ಆ ದರಿದ್ರ ಮಾತು ಬಂದುಬಿಡ್ತು. ಹೆದರಿಕೆಯಾದಾಗ ನನಗೆ ತಮಾಷೆ ಹೊಳೆಯುತ್ತೆ, ಅದೊಂದು ರೋಗ.

ಹಳೇ ವಿಷಯ ಬಿಡು ಅನ್ನೋಕೆ ನನಗೆ ಮುಖ ಇಲ್ಲ. ಆದರೂ ಕೇಳ್ತೀನಿ, ನಿನ್ನ ಫೋನ್ ನಂಬರ್ ಕೊಡು. ಐದು ನಿಮಿಷ ಮಾತಾಡಿದ್ರೆ ಎಲ್ಲ ಸರಿಹೋಗುತ್ತೆ.

ನಿನ್ನ
ಗಿಣಿ


ಆಗಸ್ಟ್ 8

ಗಿಣಿ,

ಫೋನ್ ಬೇಡ. ಮಾತಲ್ಲಿ ನೀನು ಗೆಲ್ತೀಯ. ಯಾವಾಗಲೂ ಗೆದ್ದಿದೀಯ. ಕಾಗದದಲ್ಲಾದರೆ ನಾವಿಬ್ಬರೂ ಸಮ.

ಆ ದಿನ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಡೆದದ್ದನ್ನ ಪೂರ್ತಿ ಬರಿ. ನಾನೇನೂ ಮರೆತಿಲ್ಲ. ನಿನಗೆ ಎಷ್ಟು ನೆನಪಿದೆ ಅಂತ ನೋಡಬೇಕು.

ಗೂಟ


ಆಗಸ್ಟ್ 29

ಗೂಟ,

ಬರೀತೀನಿ. ತಡ ಮಾಡಿದ್ದಕ್ಕೆ ನೆಪ ಹೇಳಲ್ಲ. ಧೈರ್ಯ ಬರಲಿಲ್ಲ, ಅಷ್ಟೇ.

ವಾರ್ಷಿಕ ಪರೀಕ್ಷೆ. ನಾನು ನಿನ್ನ ಹಿಂದಿನ ಬೆಂಚು. ಏಳನೇ ಪ್ರಶ್ನೆ. ಮೇಜಿನ ಮೇಲೆ ಹಗ್ಗದಿಂದ ಜೋಡಿಸಿದ ಎರಡು ಬ್ಲಾಕು, ಹಿಂದಿನದು ನಾಲ್ಕು ಕೆಜಿ, ಮುಂದಿನದು ಎರಡು. ರಾಟೆಯಿಂದ ಕೆಳಗೆ ಮೂರು ಕೆಜಿ ನೇತಾಡುತ್ತೆ. ಎರಡು ಹಗ್ಗದ ಎಳೆತವನ್ನೂ ಕಂಡುಹಿಡಿಯಿರಿ. ನನಗೆ ಘರ್ಷಣೆ ಬಂತು ಅಂದ್ರೆ ತಲೆ ಗಿರ್ ಅಂತಿತ್ತು. ಯಾವ ಬ್ಲಾಕಿಗೆ ಯಾವ ಕಡೆ ಬಾಣ, ಎಲ್ಲಿ ಕಳೆಯಬೇಕು, ಎಲ್ಲಿ ಕೂಡಿಸಬೇಕು, ಎಲ್ಲ ಕಲಸುಮೇಲೋಗರ. ಪೆನ್ಸಿಲ್ ತುದಿಯಲ್ಲಿ ನಿನ್ನ ಬೆನ್ನಿಗೆ ಚುಚ್ಚಿದೆ. ನೀನು ತಿರುಗಲಿಲ್ಲ. ಭುಜ ಮಾತ್ರ ಎಡಕ್ಕೆ ಸರಿಸಿದೆ. ಅಕ್ಷರಕ್ಕಕ್ಷರ ಇಳಿಸಿಕೊಂಡೆ. 24, 16. ಉತ್ತರ ಇವತ್ತಿಗೂ ಬಾಯಲ್ಲಿದೆ.

ಎಲ್ಲರೂ ಘರ್ಷಣೆಯ ಬಾಣ ಹಿಂದಕ್ಕೆ ಹಾಕಿ, ಬೆಲೆ ಪ್ಲಸ್ ಬರೀತಾರೆ. ನೀನು ಬಾಣ ಎಲ್ಲಾ ಮುಂದಕ್ಕೆ ಹಾಕಿ, ಮುಂದಿನ ಸಾಲಲ್ಲಿ ಘರ್ಷಣೆಯ ಬೆಲೆಗೆ ಮೈನಸ್ ಹಾಕ್ತಿದ್ದೆ. ಪೇಪರ್ ತಿದ್ದಿದವರಿಗೆ ಅದು ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಉತ್ತರ ಸರಿ ಬಂದ ಹಾಗೆ ಕಾಣಿಸ್ತು. ಇಂಥ ವಿಚಿತ್ರ ಎರಡು ಪೇಪರಲ್ಲಿ, ಅದೂ ಹಿಂದೆ ಮುಂದೆ ಕೂತವರ ಪೇಪರಲ್ಲಿ. ಸಿಕ್ಕಿಬಿದ್ವಿ.

ಕೋಣೆಯಲ್ಲಿ ಮೂವರಿದ್ದರು. ಕಿಟಕಿಯ ಹತ್ತಿರ ಕೂತಿದ್ದ ಕನ್ನಡಕದವರು ನಮ್ಮ ಪೇಪರ್ ಪಕ್ಕಪಕ್ಕ ಇಟ್ಟು ಕೇಳಿದರು, "ಯಾಕೆ ಹೀಗೆ ಹಾಕಿದ್ದು? ಯಾರು ವಿವರಿಸ್ತಾರೋ ಇದು ಅವರದು." ಮೊದಲು ನಿನ್ನ ಕಡೆ ನೋಡಿದರು. ನೀನು "ಸ... ಸ..." ಅಂದೆ. ಸಾರ್ ಅನ್ನೋಕೆ ಹೊರಟಿದ್ದೆ. ಅದು ಪೂರ್ತಿ ಆಗೋಕೆ ಮೊದಲೇ ನಾನು ಶುರುಮಾಡಿದೆ. "ಘರ್ಷಣೆ ಯಾವ ಕಡೆ ಅಂತ ಮೊದಲೇ ಊಹೆ ಮಾಡೋದು ಬೇಡ ಸಾರ್. ಬಾಣ ಎಲ್ಲಾ ಒಂದೇ ಕಡೆ ಹಾಕಿಬಿಡಿ. ತಿರುಗಿಸೋ ಕೆಲಸ ಮೈನಸ್‌ಗೆ ಬಿಡಿ." ಕನ್ನಡಕದವರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು. "ಭೇಷ್! ಇದು ತಪ್ಪೇ ಅಲ್ಲವಲ್ಲ ರೀ" ಅಂದರು.

ಅದು ನಿನ್ನ ಮಾತು. ಪರೀಕ್ಷೆಗೆ ನಾಲ್ಕು ದಿನ ಮುಂಚೆ ಸ್ಕೂಲಿನ ಸೈಕಲ್ ಸ್ಟ್ಯಾಂಡಲ್ಲಿ ನನಗೊಬ್ಬನಿಗೇ ಹೇಳಿದ್ದೆ. ಅಷ್ಟು ಹೇಳೋಕೆ ನಿನಗೆ ಹತ್ತು ನಿಮಿಷ ಹಿಡಿದಿತ್ತು. ನನಗೆ ಹೇಳುವಾಗ ನಿನ್ನ ತೊದಲು ಕಮ್ಮಿ ಇರ್ತಿತ್ತು, ಅದೂ ನೆನಪಿದೆ. ಲೆಕ್ಕ ಕದ್ದೆ, ಅದು ಬಿಡು, ಹುಡುಗರು ಕದೀತಾರೆ. ನಿನ್ನ ಬಾಯಿಂದ ಕಷ್ಟಪಟ್ಟು ಬಂದ ಮಾತನ್ನ ನಿನ್ನೆದುರಿಗೇ ನೀರು ಕುಡಿದ ಹಾಗೆ ಹೇಳಿದೆನಲ್ಲ, ಅದಕ್ಕೆ ಏನಂತ ಹೆಸರಿಡ್ಲಿ?

ನಿನಗೆ ಎರಡು ವರ್ಷ ಪರೀಕ್ಷೆ ಇಲ್ಲ ಅಂದರು. ನಾನು ಕಾಲೇಜು ಸೇರಿದೆ. ಆಮೇಲೆ ನೀನು ಯಂತ್ರ ಸಾಗಿಸೋರ ಜೊತೆ ಕೆಲಸಕ್ಕೆ ಹೋದೆ ಅಂತ ಕೇಳಿದೆ. ಕೇಳಿ ಸುಮ್ಮನಾದೆ. ಮೇಷ್ಟ್ರಾದ ಮೇಲೆ ನಿನ್ನ ಬಾಣನ ಒಂದು ದಿನಾನೂ ಬಳಸಿಲ್ಲ ಗೂಟ. ಕದ್ದ ಅಂಗಿ ಹಾಕ್ಕೊಂಡು ಬೀದೀಲಿ ಓಡಾಡೋಕಾಗುತ್ತಾ? ಪುಸ್ತಕದಲ್ಲಿದ್ದ ಹಾಗೆ ಎಡಕ್ಕೇ ಹಾಕ್ಕೊಂಡು ಬಂದೆ.

ನನ್ನ ಮುಖಕ್ಕೆ ಉಗಿ ಬೇಕಾದ್ರೆ. ಹುಡುಗೀನ ಮಾತ್ರ ಕ್ಲಾಸಿಗೆ ಕಳಿಸು.

ಗಿಣಿ


ಸೆಪ್ಟೆಂಬರ್ 26

ಗಿಣಿ,

ಎಲ್ಲ ಸರಿಯಾಗಿ ಬರೆದಿದೀಯ. "ಸ... ಸ..." ಕೂಡ ಬಿಟ್ಟಿಲ್ಲ. ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೇ ದಿನ ಹೋದೆ, ಮುದ್ರಣ ಯಂತ್ರ ಒಂದು ಹೊಸ ಕಟ್ಟಡಕ್ಕೆ ಸಾಗಿಸೋದಿತ್ತು. ಏಳು ಟನ್ನು. ಕೆಳಗೆ ಕಬ್ಬಿಣದ ಪೈಪುಗಳನ್ನ ಹಾಸಿ ಉರುಳಿಸಬೇಕು. ಪೈಪು ಕೊಡೋವರೆಗೆ ಅದು ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿರುತ್ತೆ, ಎಂಟು ಜನ ಎಳೆದ್ರೂ ಜಪ್ಪಯ್ಯ ಅನ್ನಲ್ಲ. ಒಂದು ಸಲ ಅಲುಗಾಡಿತು ಅಂದ್ರೆ ಆಮೇಲೆ ಅಷ್ಟು ಕಷ್ಟ ಇಲ್ಲ. ಹುಡುಗಿ ಚಿಕ್ಕವಳಿದ್ದಾಗ ರಜೆಯಲ್ಲಿ ಇದನ್ನೆಲ್ಲ ನೋಡೋಕೆ ಬರ್ತಿದ್ದಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಣ ಹಾಕಿ ಹೇಳಿಕೊಟ್ಟೆ. ಅವಳ ಹತ್ತಿರ ಮಾತಾಡುವಾಗ ನನಗೆ ತೊದಲು ಅಷ್ಟು ಬರಲ್ಲ.

ಆ ದಿನ ನಾನು ಯಾಕೆ ಸುಮ್ಮನಿದ್ದೆ ಅಂತ ನೀನು ಕೇಳಿಲ್ಲ. ಕೇಳೋಕೆ ಹೆದರಿಕೆ ಇರಬೇಕು. ಹೇಳಿಬಿಡ್ತೀನಿ. ನೀನು ಹೇಳ್ತಿದ್ದೆ, ನಾನು ಕೇಳ್ತಿದ್ದೆ. ಎಷ್ಟು ಚೆನ್ನಾಗಿ ಹೇಳಿದೆ ಅಂದ್ರೆ, ಕೇಳ್ತಾ ಕೇಳ್ತಾ ಅದು ನಿಂದೇ ಅಂತ ನನಗೂ ಅನ್ನಿಸಿಬಿಡ್ತು. ನಾನು ಹೇಳಿದ್ರೆ ಯಾರಾದ್ರೂ ನಂಬ್ತಿದ್ರಾ ಅಂತಲೂ ಅನ್ನಿಸ್ತು. ಹದಿನೇಳು ವರ್ಷದ ಹುಡುಗ, ನನ್ನದನ್ನ ನಾನೇ ಬಿಟ್ಟುಕೊಟ್ಟೆ. ನನ್ನ ಹಣೆಬರಹ ಅಂದುಕೊಂಡು ಬದುಕಿದೆ.

ಮಗಳಿಗೆ ನಾನು ಸುಳ್ಳು ಹೇಳಿದ್ದೆ. ಓದೋಕೆ ಮನಸ್ಸಿಲ್ಲದೆ ಬಿಟ್ಟೆ ಅಂತ. ಪರೀಕ್ಷೆಯಲ್ಲಿ ಕದ್ದವನು ಅಂತ ಹೆಸರು ಬಂತು ಅಂತ ಹೇಗೆ ಹೇಳಲಿ? ಈಗ ಅವಳು "ಇದು ತಪ್ಪಾ" ಅಂತ ಕೇಳಿದಾಗ ಮತ್ತೆ ಸುಮ್ಮನಿದ್ದೆ. ನನಗಾಗಿ ಸುಮ್ಮನಿದ್ದದ್ದು ಬೇರೆ. ಅವಳ ವಿಷಯದಲ್ಲಿ ಸುಮ್ಮನಿದ್ದೆ ನೋಡು, ಇದಕ್ಕೆ ನನಗೆ ನಾಚಿಕೆ. ತಲೆ ಎತ್ತೋಕೆ ಆಗ್ತಿಲ್ಲ ಅವಳ ಮುಂದೆ.

ನನಗೆ ಗೊತ್ತಿರೋದನ್ನೇ ನನಗೆ ಬರೆದು ಕಳಿಸಿದೀಯ. ಅದೇನು ದೊಡ್ಡ ವಿಷಯ? ನಕ್ಕವರು ನಲವತ್ತು ಜನ ಮಕ್ಕಳು. ಅವರಿಗೆ ಹೇಳು. ಮುಂದಿನ ಸೋಮವಾರ ಅವಳನ್ನ ಕಳಿಸ್ತೀನಿ.

ಗೂಟ


ಅಕ್ಟೋಬರ್ 12

ಗೂಟ,

ಹುಡುಗಿ ಮನೆಯಲ್ಲಿ ಏನು ಹೇಳಿದಳೋ ಗೊತ್ತಿಲ್ಲ. ನಾನೇ ಹೇಳ್ತೀನಿ, ಮುಚ್ಚಿಡಲ್ಲ.

ಸೋಮವಾರ ಬಂದಳು. ಕೊನೇ ಬೆಂಚು. ನಾನು ರಾತ್ರಿಯೆಲ್ಲ ಉರು ಹೊಡೆದು ಹೋಗಿದ್ದೆ. "ಆವತ್ತು ನಿಮ್ಮ ಗೆಳತಿ ಹಾಕಿದ ಬಾಣ ತಪ್ಪಲ್ಲ. ಅವಳನ್ನ ನೋಡಿ ನಕ್ಕಿದ್ದು ನನ್ನ ತಪ್ಪು" ಅಂದೆ. ಅಲ್ಲಿವರೆಗೆ ಸರಿ ಇತ್ತು. ಆಮೇಲೆ ಯಾಕೆ ತಪ್ಪಲ್ಲ ಅಂತ ವಿವರಿಸಬೇಕಲ್ಲ, ಬೋರ್ಡಿಗೆ ತಿರುಗಿದೆ. ಅಯ್ಯೋ ಗೂಟ, ಏನು ಹೇಳಲಿ. ಚಾಕ್‌ಪೀಸು ಕೈಗೆ ಬಂದ ಕೂಡಲೇ ನಾನು ಗಿಣಿಯಾಗಿಬಿಟ್ಟೆ. "ಬಾಣ ಎಲ್ಲಾ ಒಂದೇ ಕಡೆ ಹಾಕಿ. ತಿರುಗಿಸೋ ಕೆಲಸ ಮೈನಸ್‌ಗೆ ಬಿಡಿ." ಎಷ್ಟು ಸೊಗಸಾಗಿ ಹೇಳಿದೆ ಅಂದ್ರೆ, ಮುಂದಿನ ಬೆಂಚಿನವನೊಬ್ಬ "ಸಾರ್, ಇಷ್ಟು ಸುಲಭಾನಾ! ಇದನ್ನ ನೀವೇ ಕಂಡುಹಿಡಿದಿದ್ದಾ ಸಾರ್?" ಅಂದ.

ಇಲ್ಲ ಅನ್ನೋಕೆ ಎಷ್ಟು ಹೊತ್ತು ಬೇಕು? ಎರಡು ಅಕ್ಷರ. ನಾನು ನಕ್ಕೆ. ನಕ್ಕು "ನೋಟ್ಸ್ ಬರ್ಕೊಳ್ಳಿ" ಅಂದೆ. ಅವಳು ಚೀಲ ತಗೊಂಡು ಎದ್ದು ಹೋದಳು. ಬಾಗಿಲು ಕೂಡ ಸದ್ದಾಗದ ಹಾಗೆ ಹಾಕಿಕೊಂಡು ಹೋದಳು.

ಒಂದು ಸಲ ಮಾಡಿದ್ದು ವಯಸ್ಸಿನ ತಪ್ಪು ಅಂತ ಇಷ್ಟು ವರ್ಷ ಸಮಾಧಾನ ಮಾಡ್ಕೊಂಡಿದ್ದೆ. ಐವತ್ತು ವರ್ಷಕ್ಕೆ ಅದನ್ನೇ ಇನ್ನೊಂದು ಸಲ ಮಾಡಿದೆ. ನಾಚಿಕೆ ಅನ್ನೋ ಮಾತೂ ಈಗ ನನ್ನ ಬಾಯಲ್ಲಿ ಸಲೀಸಾಗಿ ಬರ್ತಿದೆ ನೋಡು.

ಗಿಣಿ


ನವೆಂಬರ್ 20

ಸರ್,

ನಮಸ್ಕಾರ. ಈ ಪತ್ರ ಬರೀತಿರೋದು ಅಪ್ಪನಿಗೆ ಗೊತ್ತಿಲ್ಲ. ನೀವೂ ಅಪ್ಪನೂ ಕಾಗದ ಬರ್ಕೋತಿದೀರ ಅಂತ ನನಗೆ ಗೊತ್ತು, ಆದರೆ ನಾನು ಒಂದನ್ನೂ ತೆಗೆದು ಓದಿಲ್ಲ. ಅಪ್ಪ ಅವನ್ನ ತನ್ನ ಕೆಲಸದ ಪೆಟ್ಟಿಗೆಯಲ್ಲಿ ಸರಪಣಿಗಳ ಕೆಳಗೆ ಇಡ್ತಾರೆ.

ನನಗೆ ಒಂದೇ ಪ್ರಶ್ನೆ. "ತಿರುಗಿಸೋ ಕೆಲಸ ಮೈನಸ್‌ಗೆ ಬಿಡು" ಅನ್ನೋದು ಯಾವ ಪುಸ್ತಕದಲ್ಲೂ ಇಲ್ಲ. ಗ್ರಂಥಾಲಯದಲ್ಲಿ ಇರೋದನ್ನೆಲ್ಲ ಹುಡುಕಿದೆ. ಹೊರಗೆ ಕೂತು ಕೂತು ನನಗೆ ಬೇಕಾದಷ್ಟು ಸಮಯ ಇತ್ತು. ಅದು ನಮ್ಮಪ್ಪ ಹೇಳೋ ಮಾತು. ನನಗೆ ಐದನೇ ಕ್ಲಾಸಿಂದ ಗೊತ್ತು. ಅಪ್ಪ ಅದನ್ನ ಹೇಳುವಾಗ "ಮೈನಸ್" ಹತ್ತಿರ ಯಾವಾಗಲೂ ನಿಲ್ತಾರೆ, ನಾನು ಕಾಯ್ತೀನಿ.

ಅದು ನಿಮಗೆ ಹೇಗೆ ಗೊತ್ತು ಸರ್?

ಕ್ಲಾಸಿನಲ್ಲಿ ಕೇಳಿ ನಿಮಗೆ ಅವಮಾನ ಮಾಡಬಾರದು ಅಂತ ಪತ್ರದಲ್ಲಿ ಕೇಳಿದೀನಿ.

ಇತಿ ನಿಮ್ಮ ವಿದ್ಯಾರ್ಥಿನಿ


ಡಿಸೆಂಬರ್ 4

ಗೂಟ,

ನಿನ್ನ ಮಗಳು ನನಗೊಂದು ಕಾಗದ ಬರೆದಿದ್ದಳು. ಅದು ನಿನಗೆ ಗೊತ್ತಿಲ್ಲವಂತೆ. ಅವಳನ್ನ ಬೈಬೇಡ. ನಾನು ಅವಳಿಗೆ ಅವಮಾನ ಮಾಡಿದ್ದು ನಲವತ್ತು ಜನರ ಎದುರಿಗೆ, ಅವಳು ನನ್ನ ಮಾನ ಕಾಪಾಡೋಕೆ ಅಂಚೆ ಡಬ್ಬಿ ಹುಡುಕಿಕೊಂಡು ಹೋಗಿದಾಳೆ.

ಮೊದಲು ಹೋಗಿ ಗ್ರಂಥಾಲಯದ ಮೆಟ್ಟಿಲ ಹತ್ತಿರ ನಿಂತೆ. "ನಿನ್ನ ಪ್ರಶ್ನೆಗೆ ಉತ್ತರ ಕ್ಲಾಸಿನಲ್ಲಿ ಹೇಳ್ತೀನಿ, ಬರ್ತೀಯೇನಮ್ಮ?" ಅಂದೆ. ಚೀಲ ತಗೊಂಡು ಎದ್ದಳು. ಈ ಸಲ ಏನೂ ಉರು ಹೊಡೆದಿರಲಿಲ್ಲ. ಚಾಕ್‌ಪೀಸು ಮುಟ್ಟಲಿಲ್ಲ. ಕೈ ಎರಡೂ ಜೇಬಿನಲ್ಲಿ ಇಟ್ಟುಕೊಂಡೆ.

ಹೇಳಿದೆ. ಪೆನ್ಸಿಲ್ ಚುಚ್ಚಿದ್ದು, ಭುಜ ಸರಿಸಿದ್ದು, ಕನ್ನಡಕದವರು, ಎಲ್ಲ. ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಾಗಲಿಲ್ಲ. "ಅದು ನನ್ನದಲ್ಲ" ಅನ್ನೋ ಹತ್ತಿರ ಬಂದೆ. ನಾನೂ "ನ... ನ..." ಅಂದೆ ಕಣೋ. ಮಕ್ಕಳು ಈಗ ನಗ್ತಾರೆ, ನಗಲಿ, ಅಂದುಕೊಂಡೆ. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಯ್ತು. ನೆಲ ನೋಡ್ತಾ ನಿಂತಿದ್ದೆ. ಹಿಂದಿನ ಸಲ ಕೇಳಿದ್ದ ಆ ಮುಂದಿನ ಬೆಂಚಿನ ಹುಡುಗನೇ ಕೇಳಿದ, "ಆಮೇಲೆ ಅವರು ಏನಾದರು ಸಾರ್, ನಿಮ್ಮ ಸ್ನೇಹಿತರು?"

ಕೊನೇ ಬೆಂಚಿಂದ ನಿನ್ನ ಮಗಳು ಎದ್ದು ನಿಂತು, "ಯಂತ್ರ ಎಳೀತಾರೆ" ಅಂದಳು. ಆವತ್ತು ಹೇಳಿದ ಮಾತೇ. ಅದೇ ದನಿ. ಹೇಳಿ ಕೂತಳು.

ನಮ್ಮ ಹಳೇ ಶಾಲೆಗೂ ಬರೆದು ಹಾಕಿದೀನಿ, ಯಾರು ಕದ್ದದ್ದು ಅಂತ. ಅವರು ಮೂವತ್ಮೂರು ವರ್ಷದ ಹಿಂದಿನ ಕಡತ ತೆಗೀತಾರೋ ಇಲ್ಲವೋ. ಇಲ್ಲಿನ ಪ್ರಾಂಶುಪಾಲರಿಗೂ ಹೇಳಿದೆ. ಇನ್ನು ಅವರು ಏನು ಮಾಡ್ತಾರೋ ಮಾಡಲಿ. ಹುಡುಗಿ ಅವತ್ತಿಂದ ದಿನಾ ಬರ್ತಿದಾಳೆ. ಅವಳು ಮೆಟ್ಟಿಲ ಮೇಲೆ ಕೂತ ದಿನಗಳು ನನ್ನ ತಪ್ಪಿಂದ ಹೋದವು, ಅವನ್ನ ಅವಳ ಲೆಕ್ಕಕ್ಕೆ ಹಾಕಬೇಡಿ ಅಂತ ಬರೆದುಕೊಟ್ಟಿದ್ದೆ. ಒಪ್ಪಿದಾರೆ. ಪರೀಕ್ಷೆಗೆ ಕೂರ್ತಾಳೆ.

ಗಿಣಿ


ಜನವರಿ 3

ಗಿಣಿ,

ಮಗಳು ಆವತ್ತು ಮನೆಗೆ ಬಂದು ಎಲ್ಲ ಹೇಳಿದಳು. ನಾನು ಹೇಳಿದ ಸುಳ್ಳೂ ಗೊತ್ತಾಯ್ತು ಅವಳಿಗೆ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. "ನನಗೆ ಯಾಕಪ್ಪಾ ಹೇಳಲಿಲ್ಲ?" ಅಂತ ಮೂರನೇ ದಿನ ಕೇಳಿ ಅತ್ತಳು. ನಾನೂ ಅತ್ತೆ. ಆಮೇಲೆ ಅವಳ ನೋಟ್‌ಬುಕ್ ತೆಗೆದು ಮುಂದೆ ಇಟ್ಟು, ಮತ್ತೆ ಅದೇ ಕೇಳಿದಳು, "ಅಪ್ಪಾ, ಇದು ತಪ್ಪಾ?"

ಈ ಸಲ ಕೈ ತೊಳೆಯೋಕೆ ಎದ್ದು ಹೋಗಲಿಲ್ಲ. ತಪ್ಪಲ್ಲ ಅಂತ ಹೇಳಿದೆ. ಯಾಕೆ ತಪ್ಪಲ್ಲ ಅಂತಲೂ ಹೇಳಿದೆ. ಅರ್ಧ ಗಂಟೆ ಹಿಡೀತು.

ಕ್ಷಮೆ ಗಿಮೆ ಅಂತ ಏನೂ ಬರೀಬೇಡ. ಅದು ನನ್ನ ಹತ್ತಿರ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಒಂದು ಮಾತ್ರ ಹೇಳ್ತೀನಿ. ನೀನು ಕ್ಲಾಸಿನಲ್ಲಿ ಎಲ್ಲ ಒಪ್ಪಿಕೊಂಡೆ ಅಂತ ಮೊದಲು ಕೇಳಿದಾಗ ನಾನು ನಂಬಲಿಲ್ಲ. ನೀನು ತೊದಲಿದೆ ಅಂತ ಮಗಳು ಹೇಳಿದಳು. ಅದಕ್ಕೇ ನಂಬಿದೆ.

ಫೋನ್ ನಂಬರ್ ಹಾಳೆಯ ಹಿಂದುಗಡೆ ಬರೆದಿದೀನಿ. ಭಾನುವಾರ ಹತ್ತು ಗಂಟೆಗೆ ಮಾಡು. ಮೊದಲು ನಾನು ಮಾತಾಡ್ತೀನಿ. ನಿಧಾನ ಆಗುತ್ತೆ. ಮಧ್ಯೆ ಬಾಯಿ ಹಾಕಬೇಡ.

ಗೂಟ